ಹದಿನಾರು ಗಾಲಿ

ರೈಲಿನ ಗಾಲಿಗೆ ಸುತ್ತಿಗೆಯಿಂದ ಬಡಿದು ಕಿವಿಗೊಡುವುದು ನನ್ನ ಕೆಲಸವಾಗಿತ್ತು. ಗಟ್ಟಿ ಗಾಲಿ ಠಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಠಪ್ಪೆನ್ನುತ್ತದೆ. ಮೂವತ್ತೆರಡು ವರ್ಷ ಅದನ್ನೇ ಮಾಡಿದೆ. ಸ್ಟೇಷನ್ ಮಾಸ್ಟರ್ ಎಷ್ಟೇ ಕುಣಿದಾಡಲಿ, ನಾನು ತಲೆಯಾಡಿಸದೆ ಈ ಊರಿನಿಂದ ಒಂದು ಬೋಗಿಯೂ ಕದಲುತ್ತಿರಲಿಲ್ಲ.

ಆಮೇಲೆ ಹೊಸ ಮಾರ್ಗ ಬೇರೆ ಕಡೆಯಿಂದ ಹೋಯಿತು. ಮೊದಲು ಎಂಜಿನ್ ಷೆಡ್ಡು ಮುಚ್ಚಿತು, ಆಮೇಲೆ ಹೋಟೆಲು, ಕ್ಷೌರದಂಗಡಿ, ಶಾಲೆ. ರೈಲ್ವೆ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಕೊನೆಗೆ ಉಳಿದದ್ದು ನಾನು ಮತ್ತು ನನ್ನವಳು. ಅವಳೂ ಹೋಗಿ ಆರು ವರ್ಷವಾಯಿತು. ಕೆಲವು ದಿನ ಸಂಜೆಯಾದ ಮೇಲೆ, ಇವತ್ತು ಬಾಯಿಯೇ ಬಿಟ್ಟಿಲ್ಲವಲ್ಲ ಎಂದು ನೆನಪಾಗುತ್ತಿತ್ತು.

ಈ ವರ್ಷ ಪುರಸಭೆಯವರಿಗೆ ಊರಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಸ್ಟೇಷನ್ನಿಗೆ ಸುಣ್ಣಬಣ್ಣ, ಹಳೇ ಎಂಜಿನ್ನು, ಎರಡು ಬೋಗಿ, ಪ್ರವಾಸಿಗರಿಗೆ ಹನ್ನೊಂದು ಕಿಲೋಮೀಟರಿನ ಸವಾರಿ. ಪ್ರತಿ ಭಾನುವಾರ ಜನರೆದುರು ಗಾಲಿ ಬಡಿಯಲು ನನ್ನನ್ನು ಕರೆದರು. ಬರೀ ತೋರಿಕೆಗೆ ಎಂದರು. ತೋರಿಕೆಗೆ ಬಡಿಯಲು ನಾನೇನು ಕೀಲುಗೊಂಬೆಯೇ? ಆದರೂ ಮೊದಲ ಭಾನುವಾರದ ಹಿಂದಿನ ದಿನ ಹಳೇ ಸಮವಸ್ತ್ರಕ್ಕೆ ಮೂರು ಸಲ ಇಸ್ತ್ರಿ ಹಾಕಿದೆ. ವಾರಕ್ಕೊಮ್ಮೆಯಾದರೂ ನನಗಾಗಿ ಕಾಯುವವರಿರುತ್ತಾರೆ, ಅಷ್ಟು ಸಾಕಾಗಿತ್ತು.

ಮೊದಲ ಗಾಲಿಗೆ ಬಡಿದೆ. ಠಪ್. ಮತ್ತೆ ಬಡಿದೆ. ಠಪ್.

ರೈಲು ಹೊರಡಕೂಡದು ಎಂದುಬಿಟ್ಟೆ. ಪುರಸಭೆ ಅಧ್ಯಕ್ಷರು ಹಲ್ಲುಗಿಂಜಿದರು, ನಾನು ಬಗ್ಗಲಿಲ್ಲ. ಹತ್ತಿ ಕೂತವರನ್ನೆಲ್ಲ ಇಳಿಸಿದರು. ಎಂಜಿನಿಯರ್ ಹುಡುಗಿ ಯಂತ್ರ ತಂದು ಅರ್ಧ ಗಂಟೆ ಪರೀಕ್ಷಿಸಿ, ಬಿರುಕಿಲ್ಲ ಎಂದಳು. ನಿನ್ನ ಯಂತ್ರ ಹುಟ್ಟುವ ಮೊದಲೇ ನನ್ನ ಕಿವಿ ಕೆಲಸಕ್ಕೆ ಸೇರಿತ್ತು ಎಂದು ಅವಳ ಮೇಲೂ ರೇಗಿದೆ. ಪಾಪ, ಅವಳು ತಿರುಗಿ ಬೈಯಲಿಲ್ಲ.

"ಪಕ್ಕದ್ದಕ್ಕೂ ಬಡೀರಿ ತಾತ" ಎಂದಳು.

ಬಡಿದೆ. ಠಪ್. ಅದರಾಚೆಯದೂ ಠಪ್. ಎರಡೂ ಬೋಗಿಯ ಹದಿನಾರು ಗಾಲಿಗೂ ಬಡಿದೆ, ಎಲ್ಲವೂ ಠಪ್. ಹದಿನಾರೂ ಒಟ್ಟಿಗೆ ಬಿರುಕು ಬಿಡುವುದುಂಟೇ?

"ನಿಂಗೆ ಹೇಗೆ ಕೇಳಿಸ್ತಮ್ಮಾ?"

ಅವಳು ಹತ್ತಿರ ಬಂದು ಹೇಳಿದಳು: "ಎಲ್ಲಾ ಠಣ್ ಅಂತಾನೇ ಇವೆ, ತಾತ."

ಕಿವಿ ಯಾವಾಗ ಕೈಕೊಟ್ಟಿತೋ ಏನೋ. ಮನೆಯಲ್ಲಿ ಮಾತಾಡುವವರು ಒಬ್ಬರಿದ್ದಿದ್ದರೂ ಗೊತ್ತಾಗುತ್ತಿತ್ತು. ಒಂದು ಮಾತು ಎಷ್ಟು ಸಲ ಹೇಳಬೇಕು ನಿಮಗೆ ಎಂದು ನನ್ನವಳು ಸಿಡುಕಿಯಾದರೂ ತಿಳಿಸುತ್ತಿದ್ದಳು.

ಜನ ಮತ್ತೆ ಹತ್ತಿದರು. ಹುಡುಗಿ ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ನೋಡಿದಳು. ಸುತ್ತಿಗೆಯನ್ನು ಬಗಲಲ್ಲಿಟ್ಟುಕೊಂಡು ತಲೆಯಾಡಿಸಿದೆ. ಗಾರ್ಡು ಸೀಟಿ ಬಾಯಿಗಿಟ್ಟು ಕೆನ್ನೆ ಉಬ್ಬಿಸಿದ. ರೈಲು ಹೊರಟಿತು.