ಮಾಷ್ಟ್ರು ಎಷ್ಟು ಗೇಣು?

ಕುಟ್ಟಪ್ಪನ ಕೈಯಲ್ಲಿದ್ದ ಹಗ್ಗವನ್ನು ದಮಯಂತಿ ಕಿತ್ತುಕೊಂಡೇಬಿಟ್ಟಳು.

"ಯಾರೂ ಇವರನ್ನ ಅಳೀಬಾರ್ದು!"

ಜಗಲಿಯಲ್ಲಿ ಅವಳ ಗಂಡ ಪದ್ಮಯ್ಯ ಮಾಷ್ಟ್ರು ಬಿಳಿ ಬಟ್ಟೆ ಹೊದ್ದು ನೆಟ್ಟಗೆ ಮಲಗಿದ್ದರು. ಬೆಳಗ್ಗೆ ಸಾವಿನ ಸುದ್ದಿ ಸಾರುವ ಜೋಡಿ ಗುಂಡು ಹಾರಿದ್ದೇ ತಡ, ಗಾಳಿಬೀಡಿಗೆ ಗಾಳಿಬೀಡೇ ಅಂಗಳಕ್ಕೆ ಬಂದಿತ್ತು. ಚಟ್ಟಕ್ಕೆ ಬಿದಿರೂ ಬಂದಿತ್ತು. ಎಷ್ಟು ಉದ್ದ ಕಡಿಯಬೇಕು ಎಂಬುದೊಂದು ಗೊತ್ತಾಗಬೇಕಿತ್ತು.

"ಅಳೀದೆ ಬಿದಿರು ಹೇಂಗೆ ಕಡ್ಯೋದು ಅತ್ತಿಗೆ?" ಎಂದ ಮೈದುನ ಕುಟ್ಟಪ್ಪ.

"ಅಳೆದೂ ಅಳೆದೂ ತಾನೇ ಇವರನ್ನ ಹೀಗೆ ಮಲಗಿಸಿದ್ದು! ಶಾಲೆಯಲ್ಲಿ ಇವರನ್ನ ಅಳೆದವರು ಯಾರೂ ಹತ್ರ ಬರೋದು ಬೇಡ. ಹೆಗಲೂ ಕೊಡೋದು ಬೇಡ!"

ಅಂಗಳದಲ್ಲಿದ್ದವರು ಮುಕ್ಕಾಲು ಪಾಲು ಮಾಷ್ಟ್ರ ಶಿಷ್ಯರೇ. ಅವರು ಬೇಡವಾದರೆ ಹೊರುವವರು ಯಾರು? ಕೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ದುಃಖದಲ್ಲಿರುವ ಹೆಂಗಸಿಗೆ ಎದುರಾಡುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

*

ಅದು ಕೊಡಗು ಮೈಸೂರಿಗೆ ಸೇರಿದ ಮಾರನೆಯ ವರ್ಷದ ಮಾತು. ಮಾಷ್ಟ್ರು ಮರೆತುಹೋದ ಬುತ್ತಿ ಹಿಡಿದುಕೊಂಡು ದಮಯಂತಿ ಶಾಲೆಗೆ ಹೋದಳು. ಬಾಗಿಲಲ್ಲೇ ನಿಂತುಬಿಟ್ಟಳು. ಮಾಷ್ಟ್ರು ಸಗಣಿ ಸಾರಿಸಿದ ನೆಲದ ಮೇಲೆ ಕಣ್ಣು ಮುಚ್ಚಿ ಅಂಗಾತ ಮಲಗಿದ್ದಾರೆ. ಎರಡನೇ ಕ್ಲಾಸಿನ ಮಕ್ಕಳು ಸುತ್ತ ಕೂತು ಪಾದದಿಂದ ನೆತ್ತಿಯವರೆಗೆ ಗೇಣು ಹಾಕುತ್ತಿವೆ!

"ನಂಗೆ ಹದಿಮೂರು, ಮತ್ತೆ ಅರ್ಧ!"

"ನಂಗೆ ಹದಿನಾಲ್ಕು! ಯಾರದ್ದು ಸರಿ ಮಾಷ್ಟ್ರೇ?"

ಮಲಗಿದಲ್ಲಿಂದಲೇ ಮಾಷ್ಟ್ರು ಹೇಳಿದರು: "ಎಲ್ಲರದ್ದೂ ಸರಿ. ನಿಮ್ಮ ಗೇಣೇ ಬೇರೆ ಬೇರೆ ಅಲ್ವಾ? ಅದಕ್ಕೇ ಊರಿಗೆಲ್ಲ ಒಂದೇ ಅಳತೆಕೋಲು ಬೇಕಾದ್ದು."

"ಮಲಗಿಸಿ ಅಳೆಯೋದು ಹೆಣವನ್ನ!" ಎಂದು ಸಂಜೆ ಮನೆಯಲ್ಲಿ ಅವಳು ರಂಪ ಮಾಡಿದಳು. ಅವರು ನಕ್ಕು ಜಾರಿಕೊಂಡರು. ಅದಾಗಿ ಎಷ್ಟೋ ವರ್ಷದ ಮೇಲೆ, ಮೊನ್ನೆ ಗುರುವಾರ ಶಾಲೆಯಲ್ಲಿ ಮತ್ತೆ ಮಲಗಿದ್ದರಂತೆ. ಭಾನುವಾರ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ.

*

"ಅಳೆಯೋದೇ ಬೇಡ ಅಮ್ಮಾ," ಎಂದು ಬಸ್ ಕಂಡಕ್ಟರ್ ಬೋಜ ಮೆಲ್ಲಗೆ ಹೇಳಿದ. ಸುದ್ದಿ ಕೇಳಿ ಮೂರ್ನಾಡಿನಿಂದ ಓಡಿಬಂದಿದ್ದ. "ಮಾಷ್ಟ್ರು ಅಳತೆಕೋಲಲ್ಲಿ ಐದಡಿ ಆರೂಕಾಲು ಇಂಚು. ನನ್ನ ಎರಡನೇ ಕ್ಲಾಸಿನ ಗೇಣಲ್ಲಿ ಹನ್ನೆರಡೂಮುಕ್ಕಾಲು."

"ನಂಗೆ ಹದಿನಾಲ್ಕೂಕಾಲು ಬಂದಿತ್ತು," ಎಂದಳು ಎಸ್ಟೇಟಿನ ಕೂಲಿ ಲೈನಿಂದ ಬಂದ ಮುದ್ದಿ. "ನನ್ನ ದೊಡ್ಡ ಮಗನೂ ಅಳೆದವ್ನೆ."

ತಲೆ ನರೆತ ತೋಟದ ಧಣಿ ಮೊಣ್ಣಪ್ಪ ಮುಂದೆ ಬಂದ. "ನಂದು ಹದಿಮೂರು, ಸರಿಯಾಗಿ. ಮಾಷ್ಟ್ರು ಕೆಲಸಕ್ಕೆ ಬಂದ ಮೊದಲನೇ ವರ್ಷ."

"ಮೊದಲನೇ ವರ್ಷದಿಂದಲೂ ಮಲಗ್ತಿದ್ರಾ?" ದಮಯಂತಿ ಅವನ ಕಡೆ ತಿರುಗಿದಳು.

"ವರ್ಷಾ ವರ್ಷಾ, ಅಮ್ಮ. ಆಮೇಲೆ ಎದ್ದು, ಬೆನ್ನಿನ ಧೂಳು ನಮ್ಮ ಕೈಲೇ ಕೊಡವಿಸ್ತಿದ್ರು."

ಅಯ್ಯೋ ದೇವರೇ! ಅಷ್ಟು ವರ್ಷ ಅಳೆಸಿಕೊಂಡೂ ಪ್ರತಿ ಸಂಜೆ ಎದ್ದು ಮನೆಗೆ ಬಂದಿದ್ದರಲ್ಲ! ಹಾಗಾದರೆ ಅವರನ್ನು ಕೊಂದದ್ದು ಮಕ್ಕಳ ಗೇಣಲ್ಲ. ದಮಯಂತಿ ಅಂಗಳದ ಕಡೆ ನೋಡಿದಳು. ಕಂಡಕ್ಟರು, ಕೂಲಿಯವಳು, ತೋಟದ ಧಣಿ, ಎಲ್ಲರ ಕೈಗೂ ತನ್ನ ಗಂಡನ ಉದ್ದ ಗೊತ್ತು. ಒಂದೇ ಸೂರಿನಡಿ ಬಾಳಿದ ತನಗೇ ಗೊತ್ತಿಲ್ಲ.

ಅವಳು ಹಗ್ಗ ಕೆಳಗೆ ಹಾಕಿ ಮಾಷ್ಟ್ರ ಪಾದದ ಬಳಿ ಕೂತಳು. ಬೆರಳು ಅಗಲಿಸಿ ಮೊದಲ ಗೇಣು ಇಟ್ಟಳು.

"ಒಂದು... ಎರಡು..."

ಒಂಬತ್ತನೆಯ ಗೇಣು ಹಣೆಗೆ ಮುಟ್ಟಿತು. ಮೇಲೆ ಇನ್ನೊಂದಿಷ್ಟು ಉಳಿದಿತ್ತು. ಅವಳು ಅಂಗೈಯನ್ನು ಅಲ್ಲಿಟ್ಟು, ಶಾಲೆಯ ಮಗುವಿನಂತೆ ತಲೆಯೆತ್ತಿ ಕೇಳಿದಳು: "ಇಷ್ಟಕ್ಕೆ ಎಂತ ಹೇಳೋದು?"

ಮೊಣ್ಣಪ್ಪ ಬಗ್ಗಿ ನೋಡಿದ. "ಕಾಲು, ಅಮ್ಮ."

"ಒಂಬತ್ತೂಕಾಲು," ಎಂದಳು. "ನೀವೇ ಹೊರಬೇಕು ಇವರನ್ನ."

ಬಿದಿರು ಕಡಿದಾಯಿತು, ಚಟ್ಟ ಕಟ್ಟಿಯಾಯಿತು. ಬೋಜ, ಮೊಣ್ಣಪ್ಪ ಎತ್ತಲು ಬಂದು ಎರಡೂ ಕಡೆ ಬಗ್ಗಿ ನಿಂತರು. ನೆತ್ತಿಯ ಆ ಕಾಲು ಗೇಣಿನ ಮೇಲಿಂದ ಅವಳ ಕೈ ಇನ್ನೂ ಎದ್ದಿರಲಿಲ್ಲ.