ಅಳತೆಯ ಮೂಗು

ಮುಖವೆಂಬುದು ವಿಚಿತ್ರವಾದ ಆಸ್ತಿ. ದೇವರು ಅದನ್ನು ಕೊಡುವುದು ನಮಗೆ, ನೋಡುವ ಹಕ್ಕನ್ನು ಕೊಡುವುದು ಮಿಕ್ಕವರಿಗೆಲ್ಲ. ಕನ್ನಡಕದ ಅಂಗಡಿಯವನ ಮಗಳ ವಿಷಯದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅವಳ ಮೂಗನ್ನು ಜನ ನೋಡುವುದಷ್ಟೇ ಅಲ್ಲ, ಬಳಸುತ್ತಲೂ ಇದ್ದರು.

ಅದು ಹೇಗೆಂದರೆ, ಅವಳ ಮೂಗಿನ ನಡುಭಾಗದಲ್ಲಿ ಒಂದು ಗಂಟಿತ್ತು. ಹಣೆಯಿಂದ ಇಳಿದ ಎಲುಬು ಅಲ್ಲಿ ಎದ್ದು, ಆಮೇಲೆ ತುದಿ ಕೆಳಕ್ಕೆ ಬಾಗಿತ್ತು. ಆ ಕಾರಣಕ್ಕೇ ಹುಟ್ಟುಹೆಸರು ಮರೆತುಹೋಗಿ ಎಲ್ಲರ ಬಾಯಲ್ಲೂ ಅವಳು ಗಿಳಿಯಾಗಿದ್ದಳು. ಆ ಗಂಟಿನ ಮೇಲೆ ಕನ್ನಡಕ ಇಟ್ಟರೆ ತಕ್ಕಡಿಯ ಹಾಗೆ ನಿಲ್ಲುತ್ತಿತ್ತು. ಫ್ರೇಮು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಸಾಕು, ಒಂದು ಪಕ್ಕಕ್ಕೆ ವಾಲುತ್ತಿತ್ತು. ಅವಳು ಚಿಕ್ಕವಳಿದ್ದಾಗಲೇ ಅಪ್ಪ ಇದನ್ನು ಕಂಡುಹಿಡಿದಿದ್ದ. ಅಂದಿನಿಂದ ಅಂಗಡಿಯ ಪದ್ಧತಿ ಒಂದೇ. ಗಿರಾಕಿ ಬಿಟ್ಟುಹೋದ ಸೊಟ್ಟ ಫ್ರೇಮನ್ನು ಬಿಸಿ ಮರಳಿನ ತಟ್ಟೆಯಲ್ಲಿ ಹೂತು ಮೆತ್ತಗೆ ಮಾಡುವುದು, ಬೆರಳಲ್ಲಿ ತಿದ್ದುವುದು, ಆರಿದ ಮೇಲೆ "ಗಿಳೀ" ಎಂದು ಕೂಗುವುದು. ಅವಳು ಓದುತ್ತಿರಲಿ, ಉಣ್ಣುತ್ತಿರಲಿ, ತನ್ನ ಕನ್ನಡಕ ತೆಗೆದಿಟ್ಟು ಬಂದು ಮುಖ ಒಡ್ಡಬೇಕು. ಅಪ್ಪ ಫ್ರೇಮು ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ತೆಗೆದು, ಮತ್ತೆ ತಿದ್ದುವನು. ದೂರದೃಷ್ಟಿ ತೀರಾ ಮಂದವಾಗಿದ್ದ ಅವಳಿಗೆ ಆ ಹೊತ್ತಿನಲ್ಲಿ ಅಪ್ಪನೆಂದರೆ ಮಂಜಿನೊಳಗಿಂದ ಬರುವ ಎರಡು ಕೈ, ಅಷ್ಟೇ.

"ಈ ಮೂಗಿನ ಮೇಲೆ ನೆಟ್ಟಗೆ ನಿಂತ ಕನ್ನಡಕ ಯಾವ ಮೂಗಿನ ಮೇಲೂ ನೆಟ್ಟಗೆ ನಿಲ್ಲುತ್ತೆ" ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಹೆಮ್ಮೆಯಿಂದಲೇ ಹೇಳುತ್ತಿದ್ದ; ಅದರಲ್ಲಿ ಕಪಟವಿರಲಿಲ್ಲ.

ಗಿಳಿ ದೊಡ್ಡವಳಾದಳು. ಕಣ್ಣು ಪರೀಕ್ಷೆ ಮಾಡುವುದನ್ನು ಓದಿ ಬಂದಳು. ಅದೇ ಅಂಗಡಿಯಲ್ಲಿ ಗಾಜಿನ ಬೀರುಗಳ ನಡುವೆ ತನ್ನದೇ ಒಂದು ಮೇಜು ಹಾಕಿಕೊಂಡಳು. ತಲೆಯಲ್ಲಿ ಒಂದೆರಡು ಬಿಳಿ ಎಳೆಯೂ ಕಾಣಿಸಿಕೊಂಡವು. ಆದರೂ ದಿನಕ್ಕೆ ಹತ್ತಾರು ಸಲ "ಗಿಳೀ" ಎಂಬ ಕೂಗು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಹೊಸ ಗಿರಾಕಿಯೊಬ್ಬ ಬಂದ. ತೂಕದ ಆಳು, ಗಟ್ಟಿ ದನಿ. ಅಪ್ಪ ತಿದ್ದಿಕೊಟ್ಟ ಫ್ರೇಮನ್ನು ಕೈಗೆ ತೆಗೆದುಕೊಂಡವನೇ, "ಇದೇನಾ ಆ ಮೂಗು? ನಾನೇ ಇಟ್ಟು ನೋಡ್ತೀನಿ ತಡೀರಿ" ಎಂದು ಗಿಳಿಯ ಕನ್ನಡಕವನ್ನು ಎಳೆದು ತೆಗೆದು ತನ್ನದನ್ನು ಅವಳ ಮೂಗಿಗೇರಿಸಿದ. ಹಿಂದೆ ಸರಿದು ನೋಡಿ ಹೊಟ್ಟೆ ಕುಣಿಸಿ ನಕ್ಕ. "ಪರವಾಗಿಲ್ಲ ರೀ, ಒಳ್ಳೇ ಸ್ಟ್ಯಾಂಡು ಇಟ್ಕೊಂಡಿದೀರಿ!"

ಅವಳಿಗೆ ಏನೂ ಕಾಣಿಸುತ್ತಿರಲಿಲ್ಲ. ಆದರೆ ಮಂಜಿನೊಳಗಿಂದ ಇನ್ನೊಂದು ನಗು ಕೇಳಿಸಿತು. ಅದು ಅಪ್ಪನದು.

ಅಂದು ಸಂಜೆ ಊಟಕ್ಕೆ ಕೂತಾಗ ಗಿಳಿ ಹೇಳಿದಳು. "ನಾನು ಮೂಗಿನ ಆಪರೇಷನ್ ಮಾಡಿಸ್ಕೋತೀನಿ. ಈ ಗಂಟು ತೆಗೆಸ್ತೀನಿ."

ತಾಯಿಯಿಲ್ಲದ ಅವಳನ್ನು ಸಾಕಿದವಳು ಅತ್ತೆ, ಅಪ್ಪನ ಅಕ್ಕ. ಬೆಳಗ್ಗೆ ಪ್ರಾರ್ಥನೆ ಮುಗಿಸದೆ ನೀರೂ ಮುಟ್ಟದ ಜೀವ. ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಏನಾಯ್ತೇ ನಿನಗೆ? ಯಾರಾದ್ರೂ ಗಂಡು ನೋಡೋಕೆ ಬಂದು ಏನಾದ್ರೂ ಅಂದ್ರಾ?"

"ಯಾರೂ ಬಂದಿಲ್ಲ. ಬರೋದೂ ಬೇಡ."

"ಮತ್ತೆ ಯಾರಿಗೋಸ್ಕರ?"

"ನನಗೋಸ್ಕರ."

"ದೇವರು ಕೊಟ್ಟಿದ್ದು ಕಣೇ ಅದು. ನಮ್ಮಪ್ಪಂದು, ನಿಮ್ಮಪ್ಪಂದು, ನಂದು, ಎಲ್ಲಾ ಒಂದೇ ಅಚ್ಚು. ಅದಕ್ಕೆ ಚಾಕು ಹಾಕಿಸ್ತೀಯಾ?"

"ನಿನ್ನ ಕಣ್ಣಿನ ಪೊರೆ ಕೊಟ್ಟೋರು ಯಾರತ್ತೆ? ಅದನ್ನ ಹೋದ ವರ್ಷ ತೆಗೆಸ್ಕೊಂಡು, ಸದ್ಯ ದೇವರ ಮುಖ ಕಾಣ್ತು ಅಂತ ಕಣ್ಣೀರು ಹಾಕಿದೆಯಲ್ಲ?"

ಅತ್ತೆಗೆ ಸಿಟ್ಟು ಬಂತು. "ಅದು ಕಾಯಿಲೆ ಕಣೇ" ಎಂದು ಗೊಣಗಿ ತಮ್ಮನ ಕಡೆ ತಿರುಗಿದಳು. "ತಮ್ಮಾ, ಬಾಯಲ್ಲಿ ಏನಿಟ್ಕೊಂಡಿದೀಯಾ? ಹೇಳೋ."

ಅಪ್ಪ ತಟ್ಟೆಯಿಂದ ತಲೆಯೆತ್ತದೆ ಕೇಳಿದ. "ಮತ್ತೆ ಅಂಗಡಿಗೆ ಏನು ಮಾಡೋಣ?"

ಆ ಪ್ರಶ್ನೆ ಬಾಯಿಂದ ಬಿದ್ದ ಕ್ಷಣ ಅವನಿಗೇ ಅದು ಹೇಗೆ ಕೇಳಿಸಿತೋ ಏನೋ, ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ. ಗಿಳಿ ಅಳಲಿಲ್ಲ.

"ನನ್ನ ಮೂಗು ಅಂಗಡಿ ಸಾಮಾನಲ್ಲಪ್ಪ" ಎಂದಳು. "ದೇವರು ಕೊಟ್ಟಿದ್ದು ಅಂತ ಅತ್ತೆ ಹೇಳ್ತಾಳಲ್ಲ, ಸರಿ, ನಾನೂ ಒಪ್ತೀನಿ. ಆದರೆ ಕೊಟ್ಟಿದ್ದು ನನಗೆ."

ಮಾತು ಅಲ್ಲಿಗೆ ನಿಂತಿತು. ಅಪ್ಪ ಅವಳೊಂದಿಗೆ ಮಾತಾಡುವುದನ್ನೂ ನಿಲ್ಲಿಸಿದ.

ಮೂಗಿನ ಆಪರೇಷನ್ ಮಾಡುವ ಡಾಕ್ಟರಮ್ಮನ ಕೋಣೆಗೆ ಅತ್ತೆಯೂ ಜೊತೆಗೆ ಹೋಗಿದ್ದಳು, ಹೇಗಾದರೂ ತಡೆಯಬೇಕೆಂದು. ಡಾಕ್ಟರಮ್ಮ ನಯವಾಗಿ, "ಅಮ್ಮ, ನೀವು ಸ್ವಲ್ಪ ಹೊರಗೆ ಕೂತಿರಿ" ಎಂದರು. ಬಾಗಿಲು ಹಾಕಿದ ಮೇಲೆ ಗಿಳಿಯನ್ನು ಕೇಳಿದ್ದು ಒಂದೇ ಮಾತು.

"ಇದು ಯಾರ ಆಸೆ?"

"ನನ್ನದೇ."

"ಮದುವೆ, ಕೆಲಸ, ಯಾರೋ ಬಿಟ್ಟುಹೋದದ್ದು, ಅಂಥದ್ದು ಏನಾದರೂ ಇದ್ದರೆ ಈಗಲೇ ಹೇಳಿ. ನಾನು ಮೂಗು ಮಾತ್ರ ಮುಟ್ಟೋಳು. ಅದೆಲ್ಲ ನನ್ನ ಕೈಗೆ ಸಿಗಲ್ಲ."

"ಅಂಥದ್ದೇನಿಲ್ಲ ಡಾಕ್ಟ್ರೇ. ಗಂಟು ಬೇಡ."

ಡಾಕ್ಟರಮ್ಮ ಪಕ್ಕದಿಂದ, ಎದುರಿನಿಂದ, ಕೆಳಗಿನಿಂದ ಚಿತ್ರ ತೆಗೆದರು. ಮೂಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಚರ್ಮದ ದಪ್ಪ ನೋಡಿದರು. ಮುಟ್ಟುವ ಮೊದಲು "ಮುಟ್ಟಲಾ?" ಎಂದು ಕೇಳಿದ್ದರು. ಈ ಮೂಗಿಗೆ ಆ ಪ್ರಶ್ನೆ ಬಂದದ್ದು ಅದೇ ಮೊದಲು.

ಅವಳ ಚೀಲದಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವಿತ್ತು. ಸಣ್ಣ, ನೆಟ್ಟನೆಯ, ಗರಿಯಂಥ ಮೂಗು. ಅದನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ನೋಡಿ, ಪಕ್ಕಕ್ಕಿಟ್ಟರು.

"ಚೆನ್ನಾಗಿದೆ. ಆದರೆ ಅದು ಆ ಮುಖದ ಮೂಗು, ನಿಮಗೆ ಬರಲ್ಲ. ಏನು ಬರುತ್ತೆ ಅಂತ ಹೇಳ್ತೀನಿ ಕೇಳಿ. ಗಂಟನ್ನ ಉಜ್ಜಿ ಇಳಿಸಬಹುದು. ತುದಿಯನ್ನ ಸ್ವಲ್ಪ, ಸ್ವಲ್ಪ ಮಾತ್ರ, ಎತ್ತಬಹುದು. ಆದರೆ ನಿಮ್ಮ ಚರ್ಮ ದಪ್ಪ. ಒಳಗೆ ನಾನು ಎಷ್ಟು ಸಣ್ಣಗೆ ಕೆತ್ತಿದರೂ ಮೇಲಿನ ಕಂಬಳಿ ದಪ್ಪಗಿದ್ದರೆ ಕಾಣಲ್ಲ, ಹಾಗಾಗಿ ತುದಿ ಗುಂಡಗೇ ಇರುತ್ತೆ. ನಿಮ್ಮ ಮೂಗು ಎಡಕ್ಕೆ ಒಂಚೂರು ವಾಲಿದೆ, ಗೊತ್ತಾ? ಅದನ್ನ ಕಮ್ಮಿ ಮಾಡ್ತೀನಿ, ಪೂರ್ತಿ ಹೋಗುತ್ತೆ ಅಂತ ಮಾತ್ರ ಹೇಳಲಾರೆ. ಮೃದು ಮೂಳೆಗೆ ಹಳೇ ಬಾಗು ನೆನಪಿರುತ್ತೆ. ಎರಡು ಪಕ್ಕವೂ ಒಂದೇ ಸಮ ಇರೋ ಮುಖ ನಾನಂತೂ ನೋಡಿಲ್ಲ."

"ಎಷ್ಟು ದಿನಕ್ಕೆ ಗೊತ್ತಾಗುತ್ತೆ?"

"ಕಣ್ಣಿನ ಸುತ್ತ ಕಪ್ಪಾಗೋದು ಬೇಗ ಹೋಗುತ್ತೆ. ಒಳಗಿನ ಊತ ಪೂರ್ತಿ ಇಳಿಯೋಕೆ ವರ್ಷ ಹಿಡಿಯುತ್ತೆ. ಅಲ್ಲೀವರೆಗೆ ಕನ್ನಡಿ ಹೇಳೋದನ್ನ ನಂಬಬೇಡಿ. ತುದಿ ಕೆಲವು ತಿಂಗಳು ಮರಗಟ್ಟಿದ ಹಾಗಿರುತ್ತೆ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತೆ. ಯಾವ ಆಪರೇಷನ್ನಿಗೂ ಅಪಾಯ ಇದ್ದೇ ಇದೆ." ಅವರು ಗಿಳಿಯ ದಪ್ಪ ಕನ್ನಡಕದ ಕಡೆ ನೋಡಿದರು. "ಇನ್ನೊಂದು. ಒಂದೂವರೆ ತಿಂಗಳಾದರೂ ಮೂಗಿನ ಮೇಲೆ ಏನೂ ಕೂರಬಾರದು. ಎಲುಬು ಇನ್ನೂ ಹಸಿ ಇರುತ್ತೆ. ಭಾರ ಬಿದ್ದರೆ ಅದೇ ಆಕಾರಕ್ಕೆ ತಗ್ಗುತ್ತೆ."

ಗಿಳಿ ಪತ್ರಿಕೆಯ ಚಿತ್ರವನ್ನು ಮಡಿಸಿ ಬುಟ್ಟಿಗೆ ಹಾಕಿದಳು. "ನೀವು ಹೇಳಿದ್ದೇ ಸಾಕು" ಎಂದಳು. "ಎಲ್ಲರೂ ನನ್ನನ್ನ ಗಿಳಿ ಅಂತಾರೆ. ಅದು ಹೋಗುತ್ತಾ?"

"ಅದೂ ನನ್ನ ಕೈಲಿಲ್ಲಮ್ಮ" ಎಂದು ಡಾಕ್ಟರಮ್ಮ ನಕ್ಕರು.

ಆಪರೇಷನ್ ಆಯಿತು. ಆ ಬೆಳಗ್ಗೆ ಅತ್ತೆ ದೇವರ ಮುಂದೆ ಯಾವತ್ತಿಗಿಂತ ಹೆಚ್ಚು ಹೊತ್ತು ಕೂತಿದ್ದಳು. ಏನು ಬೇಡಿಕೊಂಡಳೋ ಯಾರಿಗೂ ಹೇಳಲಿಲ್ಲ. ಬೇಡವೆಂದು ವಾದಿಸಿದ ಬಾಯಲ್ಲೇ ಚೆನ್ನಾಗಿ ಆಗಲೆಂದು ಕೇಳಿಕೊಳ್ಳುವುದು ಕಷ್ಟದ ಪ್ರಾರ್ಥನೆ. ಅಂಥದ್ದನ್ನು ದೇವರು ಬೇಗ ಕೇಳಿಸಿಕೊಳ್ಳುತ್ತಾನೆಂದು ನನಗೆ ನಂಬಿಕೆ.

ಮೂಗಿನ ಪಟ್ಟಿ ಬಿಚ್ಚಿದ ಮೇಲೆ ಬಂತು ನಿಜವಾದ ಫಜೀತಿ. ಕನ್ನಡಕವಿಲ್ಲದೆ ಗಿಳಿಗೆ ಬಾಗಿಲು ಯಾವುದು, ಗೋಡೆ ಯಾವುದು ಗೊತ್ತಾಗದು. ಕಣ್ಣೊಳಗೆ ಇಡುವ ಲೆನ್ಸು ಅವಳಿಗೆ ಆಗಿಬರುತ್ತಿರಲಿಲ್ಲ, ಹಾಕಿದರೆ ಕಣ್ಣು ಕೆಂಪೇರಿ ಸುರಿಯುತ್ತಿತ್ತು. ಡಾಕ್ಟರಮ್ಮ ಹೇಳಿಕೊಟ್ಟಂತೆ ಕನ್ನಡಕದ ನಡುವಿಗೆ ಅಂಟುಪಟ್ಟಿ ಸುತ್ತಿ ಹಣೆಗೆ ಅಂಟಿಸಿಕೊಂಡಳು. ಕನ್ನಡಕ ಮೂಗಿಗೆ ತಾಕದೆ ಗಾಳಿಯಲ್ಲಿ ತೂಗುತ್ತಿತ್ತು. ಊದಿದ ಮುಖ, ಹಣೆಯ ಮೇಲೆ ಬಿಳಿ ಪಟ್ಟಿ, ಕೆಳಗೆ ನೇತಾಡುವ ಗಾಜು.

"ಅಯ್ಯೋ, ಈ ಅವತಾರದಲ್ಲಿ ಅಂಗಡಿಗೆ ಹೋಗ್ತೀಯೇನೇ?" ಎಂದಳು ಅತ್ತೆ.

"ಹೋಗ್ತೀನಿ. ನೋಡೋರು ನೋಡಲಿ. ಇಷ್ಟು ವರ್ಷ ಪುಕ್ಕಟೆ ನೋಡಿದಾರೆ, ಇನ್ನೊಂದು ತಿಂಗಳು ನೋಡಿಕೊಳ್ಳಲಿ."

ಅಂಗಡಿಯಲ್ಲಿ ಎದುರು ಸಾಲಿನ ದರ್ಜಿ ಕೂತಿದ್ದ. ಕನ್ನಡಕ ಹಾಕಿಕೊಂಡೇ ನಿದ್ದೆ ಹೋಗುವವನು. ವಾರಕ್ಕೊಮ್ಮೆಯಾದರೂ ಅವನ ಫ್ರೇಮು ಚಪ್ಪಟೆಯಾಗಿ ಬಿಸಿ ಮರಳಿಗೆ ಬರುತ್ತಿತ್ತು. ಗಿಳಿಯನ್ನು ನೋಡಿ ಅವನು ಎದ್ದೇ ನಿಂತ.

"ಏನಮ್ಮಾ ಗಿಳಿ, ಯಾರ ಜೊತೆ ಕುಸ್ತಿ ಆಡ್ಕೊಂಡು ಬಂದೆ?"

"ನಿಮ್ಮ ದಿಂಬಿನ ಜೊತೆ, ಮಾಮಾ. ಅದು ನಿಮ್ಮ ಕನ್ನಡಕಾನ ಬಿಡು ಅಂದ್ರೆ ಬಿಡ್ತಿರಲಿಲ್ಲ."

ದರ್ಜಿ ತೊಡೆ ತಟ್ಟಿ ನಕ್ಕ. ಇನ್ನಿಬ್ಬರು ಗಿರಾಕಿಗಳೂ ನಕ್ಕರು. ಅಪ್ಪ ನಗಲಿಲ್ಲ, ತಲೆಯೂ ಎತ್ತಲಿಲ್ಲ. ಮರಳಿನಿಂದ ದರ್ಜಿಯ ಫ್ರೇಮನ್ನು ತೆಗೆದು ತಿದ್ದುತ್ತಿದ್ದ. ಕಡ್ಡಿ ಬಗ್ಗಿಸಿದ, ಊದಿ ಆರಿಸಿದ. ಆಮೇಲೆ ಅದು ಆಯಿತು. ಎಷ್ಟೋ ವರ್ಷಗಳ ರೂಢಿ ಮನಸ್ಸನ್ನು ಕೇಳಿ ಕೆಲಸ ಮಾಡುವುದಿಲ್ಲ. ಮಗಳೊಂದಿಗೆ ಮಾತು ಬಿಟ್ಟಿದ್ದೇನೆಂಬುದನ್ನೂ ಮರೆತು ಅಪ್ಪ "ಗಿಳೀ" ಎಂದ. ಅಲ್ಲೇ ನಿಂತಿದ್ದ ಅವಳ ಹಣೆಯಿಂದ ಒಂದು ಕೈಯಲ್ಲಿ ಅಂಟುಪಟ್ಟಿಯನ್ನು ಕನ್ನಡಕದ ಸಮೇತ ಕಿತ್ತ, ಇನ್ನೊಂದು ಕೈಯಲ್ಲಿ ಫ್ರೇಮು ಹಿಡಿದು ಮೂಗಿನ ಕಡೆ ತಂದ.

ಮತ್ತೆ ಮಂಜು. ಮಂಜಿನೊಳಗಿಂದ ಬರುವ ಕೈ.

ಗಿಳಿ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದಳು. ಫ್ರೇಮಿನಲ್ಲಿ ಇನ್ನೂ ಉಳಿದಿದ್ದ ಬಿಸಿ ಮೂಗಿನ ಹಸಿ ಚರ್ಮಕ್ಕೆ ತಾಗುವಷ್ಟು ಹತ್ತಿರವಿತ್ತು.

"ಬೇಡ."

ಅಪ್ಪ ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಎಲುಬು ಹಸಿ ಇದೆಯಪ್ಪ. ಆದರೆ ಅದಕ್ಕೋಸ್ಕರ ಅಲ್ಲ ನಾನು ಹೇಳ್ತಿರೋದು. ಎಲುಬು ಗಟ್ಟಿಯಾದ ಮೇಲೂ ಬೇಡ. ಇನ್ಮೇಲೆ ಯಾವತ್ತೂ ಬೇಡ."

"ಮರೆತೆ ಕಣೇ" ಎಂದ ಅಪ್ಪ. "ಕೈ ತಾನಾಗೇ ಬಂತು."

"ಗೊತ್ತು. ಅದಕ್ಕೇ ಹಿಡಿದೆ."

"ಮತ್ತೆ ಇದು ಸರಿಯಿದೆಯೋ ಇಲ್ಲವೋ ಹೆಂಗೆ ನೋಡೋದು?"

"ನಿನಗೂ ಇದೆಯಲ್ಲ, ಅದೇ ಅಚ್ಚು. ಅದರ ಮೇಲೆ ಇಟ್ಟುನೋಡು."

ದರ್ಜಿಗೆ ನಗು ತಡೆಯಲಾಗಲಿಲ್ಲ. "ಹೌದಲ್ಲಪ್ಪಾ! ಇಷ್ಟು ದಿನ ಸ್ವಂತ ಮೂಗನ್ನ ಕಾಪಾಡ್ಕೊಂಡು ಮಗಳ ಮೂಗು ಸವೆಸಿದೆಯಲ್ಲ!"

ಅಪ್ಪ ಗೋಡೆಯ ಕನ್ನಡಿಯ ಮುಂದೆ ಹೋದ. ದಿನವೂ ನೂರು ಮುಖಗಳನ್ನು ಆ ಕನ್ನಡಿಗೆ ತೋರಿಸಿದವನು. ತನ್ನ ಕನ್ನಡಕ ತೆಗೆದು ದರ್ಜಿಯದನ್ನು ಇಟ್ಟುಕೊಂಡ. ಪಕ್ಕಕ್ಕೆ ತಿರುಗಿದ. ಬಹಳ ಹೊತ್ತು ನೋಡಿದ.

"ಇಷ್ಟು ದೊಡ್ಡದಿದೆಯಾ ಇದು?" ಎಂದ, ಯಾರನ್ನೂ ಕೇಳದೆ.

ಗಿಳಿ ತನ್ನ ಕನ್ನಡಕದ ಪಟ್ಟಿಯನ್ನು ಮತ್ತೆ ಹಣೆಗೆ ಒತ್ತಿಕೊಂಡು ಅವನ ಎದುರಿಗೆ ಬಂದು ನಿಂತಳು. "ಮುಟ್ಟಲಾ?" ಎಂದು ಕೇಳಿದಳು. ಅಪ್ಪ ತಲೆಯಾಡಿಸಿದ. ಅವಳು ಅವನ ಮೂಗಿನ ಮೇಲಿನ ಫ್ರೇಮನ್ನು ಹಗುರಾಗಿ ಸರಿಸಿ, ಒಂದು ಕಣ್ಣು ಮುಚ್ಚಿ ನೋಡಿದಳು.

"ಎಡಗಡೆ ಚೂರು ಇಳಿದಿದೆ. ಮತ್ತೆ ಬಿಸಿ ಮಾಡಬೇಕು."

ವರ್ಷ ತುಂಬುವ ಹೊತ್ತಿಗೆ ಊತ ಇಳಿಯಿತು. ಗಂಟು ಹೋಗಿತ್ತು. ತುದಿ ಗುಂಡಗೇ ಇತ್ತು, ಎಡಕ್ಕೆ ವಾಲಿದ್ದೂ ಒಂದಿಷ್ಟು ಉಳಿದಿತ್ತು. ಪಕ್ಕದಿಂದ ನೋಡಿದವರಿಗೆ ಬೇರೆ, ಎದುರಿನಿಂದ ನೋಡಿದವರಿಗೆ ಅದೇ ಹಳೇ ಗಿಳಿ. ಅತ್ತೆ ಅವಳನ್ನು ಕಿಟಕಿಯ ಬೆಳಕಿಗೆ ಎಳೆದು ನೋಡಿ, "ಇಷ್ಟಕ್ಕೇನಾ ಇಷ್ಟೆಲ್ಲ ಮಾಡಿಸ್ಕೊಂಡಿದ್ದು?" ಎಂದಳು.

"ಇಷ್ಟಕ್ಕೇ ಅತ್ತೆ. ಕೇಳಿದ್ದೂ ಇಷ್ಟೇ."

ಅದೇ ದಿನಗಳಲ್ಲಿ ಆ ಗಟ್ಟಿ ದನಿಯ ಗಿರಾಕಿ ಮತ್ತೆ ಬಂದ. ಫ್ರೇಮು ಸೊಟ್ಟಗಾಗಿತ್ತು. ಅಪ್ಪ ತಿದ್ದಿಕೊಟ್ಟ ಮೇಲೆ ಅವನು ಅತ್ತಿತ್ತ ನೋಡಿದ. "ಎಲ್ರೀ ನಿಮ್ಮ ಸ್ಟ್ಯಾಂಡು?"

ಈ ಸಲ ಅಪ್ಪ ನಗಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಗಿಳಿ ತನ್ನ ಮೇಜಿನಿಂದ ಎದ್ದು ಬಂದಳು.

"ಕುತ್ಕೊಳ್ಳಿ. ಕನ್ನಡಕ ಹಾಕ್ಕೊಳ್ಳೋರು ನೀವು, ಮೂಗೂ ನಿಮ್ಮದೇ ಆಗಲಿ."

ಅವನು ತಬ್ಬಿಬ್ಬಾಗಿ ಕೂತ. ಅವಳು ಫ್ರೇಮನ್ನು ಅವನ ಮೂಗಿಗಿಟ್ಟು, ಕಡ್ಡಿಗಳನ್ನು ಕಿವಿಯ ಹಿಂದೆ ಕೂರಿಸಿ, ಕನ್ನಡಿಯನ್ನು ಅವನ ಮುಖದ ಮುಂದೆ ಹಿಡಿದಳು.

"ವಾಲಿದೆಯಲ್ರೀ ಇದು!" ಎಂದ ಅವನು.

"ಫ್ರೇಮು ನೆಟ್ಟಗಿದೆ. ನಿಮ್ಮ ಕಿವಿ ಒಂದು ಮೇಲಿದೆ, ಒಂದು ಕೆಳಗಿದೆ. ಈಗ ಅದಕ್ಕೆ ತಕ್ಕ ಹಾಗೆ ಬಗ್ಗಿಸ್ತೀನಿ. ಅಲ್ಲಾಡಬೇಡಿ."

ಅವನು ಕನ್ನಡಿಯಲ್ಲಿ ತನ್ನ ಕಿವಿಗಳನ್ನೇ ನೋಡುತ್ತ ಅಲ್ಲಾಡದೆ ಕೂತ. ಹಿಂದಿನಿಂದ ಅಪ್ಪ ಬಿಸಿ ಮರಳಿನ ತಟ್ಟೆಯನ್ನು ಎತ್ತಿ ತಂದು ಮಗಳ ಕೈಗೆಟಕುವ ಹಾಗೆ ಇಟ್ಟ.