ಟವೆಲ್ಲಿನ ಕೆಳಗಿನ ವಿಷಯ

ನಮ್ಮ ನಾಯಿ ಯಾರನ್ನೂ ಕಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವಾರವೆಲ್ಲ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿತ್ತು, ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ.

ಶುರುವಾದದ್ದು ಕಟ್ಟಡದ ಸೆಕ್ರೆಟರಿ ಬಂದ ಸಂಜೆ. ನಾನು ಆಗಷ್ಟೇ ಆಸ್ಪತ್ರೆಯಿಂದ ಬಂದು ಕಾಲು ಚಾಚಿದ್ದೆ. ಹೆರಿಗೆ ವಾರ್ಡಿನ ನರ್ಸು ನಾನು, ದಿನವಿಡೀ ನಿಂತೇ ಇರುವ ಕೆಲಸ. ಸೆಕ್ರೆಟರಿ ಹೊಸ್ತಿಲ ಆಚೆಯೇ ನಿಂತ, ಓಡಬೇಕಾದರೆ ಇರಲಿ ಎಂಬಂತೆ ಒಂದು ಕಾಲನ್ನು ಹಿಂದಿಟ್ಟುಕೊಂಡು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಎದುರು ಮನೆ ಮೇಷ್ಟ್ರ ಮೈಮೇಲೆ ನಿಮ್ಮ ನಾಯಿ ಬಿದ್ದಿದೆ. ಮಂಡಿಗೆ ಬ್ಯಾಂಡೇಜು ಹಾಕ್ಕೊಂಡು ಓಡಾಡ್ತಿದ್ದಾರೆ. ಕಚ್ಚೋ ನಾಯಿ ಇಲ್ಲಿರೋ ಹಾಗಿಲ್ಲ, ನಿಯಮ ನಿಮಗೂ ಗೊತ್ತು. ಭಾನುವಾರ ಸಭೇಲಿ ತೀರ್ಮಾನ ಮಾಡ್ತೀವಿ. ಅಷ್ಟರಲ್ಲಿ ನೀವೇ ಎಲ್ಲಾದ್ರೂ ಬಿಟ್ಟು ಬಂದ್ರೆ ಮರ್ಯಾದೆ."

ಮೈಯೆಲ್ಲ ಉರಿದುಹೋಯಿತು. "ಕಚ್ಚಿತು ಅಂತ ಮೇಷ್ಟ್ರು ಹೇಳಿದ್ರಾ?"

"ಮೈಮೇಲೆ ಬಿತ್ತು ಅಂದ್ರು. ನಾಯಿ ಮೈಮೇಲೆ ಬೀಳೋದು ಇನ್ಯಾತಕ್ಕೆ?"

ಯಾತಕ್ಕೆ ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯ ಎಲ್ಲರಿಗೂ ಗೊತ್ತಿತ್ತು. ಆದರೆ ಅದಕ್ಕೆ ನಮ್ಮಲ್ಲಿ ಮಾತೇ ಇರಲಿಲ್ಲ. ನನ್ನ ಗಂಡ "ಹಾಗೆ ಮಾಡ್ತಿದೆ" ಎಂದು ಹೇಳಿ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು. ಅತ್ತೆ "ಶುರುವಾಯ್ತು" ಎನ್ನುತ್ತಿದ್ದರು. ಮನೆಗೆ ಯಾರೇ ಬರಲಿ, ನಾಯಿ ಕುಣಿದಾಡಿ ಕೊನೆಗೆ ಅವರ ಕಾಲನ್ನು ಮುಂಗಾಲುಗಳಲ್ಲಿ ತಬ್ಬಿಕೊಳ್ಳುತ್ತಿತ್ತು. ಮುಂದಿನದನ್ನು ಯಾರೂ ನೋಡಬಾರದೆಂದು ಅತ್ತೆ ಅದರ ಮೇಲೆ ದೊಡ್ಡ ಸ್ನಾನದ ಟವೆಲ್ಲು ಎಸೆದು, ತಾವು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಅದಕ್ಕೆಂದೇ ಬಾಗಿಲ ಹಿಂದಿನ ಮೊಳೆಗೆ ಒಂದು ಟವೆಲ್ಲು ಸದಾ ನೇತಾಡುತ್ತಿತ್ತು.

ನಾಯಿಗೆ ದೊರೆಸಾನಿ ಎಂದು ಹೆಸರಿಟ್ಟವರೂ ಅತ್ತೆಯೇ. ಸೋಫಾ ಬಿಟ್ಟು ಕೆಳಗೆ ಮಲಗುವುದಿಲ್ಲ ಎಂಬ ಸಿಟ್ಟಿಗೆ ಇಟ್ಟ ಹೆಸರು. ಮಾವ ತೀರಿಕೊಂಡ ಮೇಲೆ ಅತ್ತೆ ಹೆಚ್ಚು ಕಡಿಮೆ ಮಾತನ್ನೇ ಬಿಟ್ಟಿದ್ದರು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಈ ನಾಯಿ ಮನೆಗೆ ಬಂದು ಅವರ ಚಪ್ಪಲಿಯನ್ನು ಹರಿದು ಹಾಕಿದ ದಿನ ಅವರಿಗೆ ಮಾತು ವಾಪಸು ಬಂತು, ಅದನ್ನು ಬೈಯಲು. ಅಂದಿನಿಂದ ಬೈಗುಳ ನಿಂತಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದಮೇಲೆ ಮನೆಯಲ್ಲಿ ಕೇಳುವುದು ಅದೊಂದೇ ದನಿ. ದೊರೆಸಾನಿಯನ್ನು ಎಲ್ಲಾದರೂ ಬಿಟ್ಟು ಬನ್ನಿ ಎಂದು ಸೆಕ್ರೆಟರಿ ಹೇಳುವಾಗ ಅತ್ತೆ ಅಡುಗೆಮನೆಯಲ್ಲಿದ್ದರು. ಒಳಗೆ ಪಾತ್ರೆಯ ಸದ್ದು ನಿಂತುಹೋದದ್ದು ನನಗೆ ಕೇಳಿಸಿತು.

"ಅವತ್ತು ಏನಾಯ್ತು ಅತ್ತೆ?" ಎಂದು ಕೇಳಿದೆ.

"ಏನಾಗುತ್ತೆ. ಕೊರಿಯರಿನೋನು ನಮ್ಮ ಪಾರ್ಸೆಲ್ಲು ಅವರ ಮನೇಲಿ ಕೊಟ್ಟಿದ್ದ, ಮೇಷ್ಟ್ರು ತಂದ್ರು. ಇದು ಶುರು ಮಾಡ್ತು. ನಾನು ಟವೆಲ್ ಹಾಕಿ ಆ ಕಡೆ ತಿರುಗಿದೆ. ಧಡ್ ಅಂತ ಸದ್ದಾಯ್ತು. ತಿರುಗಿ ನೋಡಿದ್ರೆ ಚಪ್ಪಲಿ ಸ್ಟ್ಯಾಂಡಿನ ಹತ್ರ ಬಿದ್ದಿದ್ದಾರೆ. ಗಾಬರೀಲಿ ಎಡವಿರ್ಬೇಕು ಪಾಪ."

ಎಡವಿದ ಗಾಯ ಕಚ್ಚಿದ ಗಾಯವಾಯಿತು. ಕಟ್ಟಡದಲ್ಲಿ ಆ ಮಾತಿಗೆ ರೆಕ್ಕೆ ಪುಕ್ಕ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಲಿಫ್ಟಿನಲ್ಲಿ ನಮ್ಮನ್ನು ಕಂಡವರು ಮೆಟ್ಟಿಲು ಹತ್ತಿ ಹೋಗತೊಡಗಿದರು. ಒಬ್ಬಾಕೆ ತನ್ನ ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಳು. ಹಿಂದಿನ ವಾರ ಇದೇ ಮಗು ದೊರೆಸಾನಿಯ ಕಿವಿ ಎಳೆದು ಆಡಿತ್ತು.

ಮರುದಿನ ನಾಯಿಯನ್ನು ಡಾಕ್ಟರ ಬಳಿ ಕರೆದೊಯ್ದೆ. ನಾನು ಕೆಲಸದಲ್ಲಿ ಮೈಯ ಯಾವ ಭಾಗದ ಹೆಸರು ಹೇಳಲೂ ಹಿಂಜರಿಯುವವಳಲ್ಲ. ಅಂಥವಳು ಅಲ್ಲಿ ನಿಂತು ತೊದಲಿದೆ.

"ಅದು... ಜನ ಬಂದ್ರೆ... ಹಾಗೆ ಮಾಡುತ್ತೆ ಡಾಕ್ಟ್ರೇ."

"ಹಾಗೆ ಅಂದ್ರೆ? ವಾಂತಿ ಮಾಡುತ್ತಾ?"

"ಅಲ್ಲ. ಕಾಲು ಹಿಡ್ಕೊಂಡು..."

"ಓ, ಮೇಲೆ ಹತ್ತಿ ಸೊಂಟ ಆಡಿಸುತ್ತೆ. ಅಷ್ಟೇ ತಾನೆ?" ಎಂದು ಆಕೆ ಕೈಗವಸು ಹಾಕಿಕೊಂಡರು. ಉರಿಮೂತ್ರ, ತುರಿಕೆ ಇದ್ದರೂ ಹೀಗೆ ಮಾಡುತ್ತವೆ ಎಂದು ಎಲ್ಲ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ.

"ಇದು ಹೆಣ್ಣು ನಾಯಿ ಡಾಕ್ಟ್ರೇ. ಆಪರೇಶನ್ನೂ ಆಗಿದೆ."

"ಆಗಿದ್ರೂ ಮಾಡ್ತವೆ, ಹೆಣ್ಣೂ ಮಾಡ್ತವೆ. ನೀವು ತಿಳ್ಕೊಂಡಿರೋದಕ್ಕೇ ಮಾಡ್ಬೇಕು ಅಂತೇನಿಲ್ಲ. ಖುಷಿ ಉಕ್ಕಿದ್ರೆ, ಗಾಬರಿಯಾದ್ರೆ, ಏನ್ ಮಾಡ್ಬೇಕು ಅಂತ ತೋಚದೆ ಇದ್ರೆ ಮಾಡ್ತವೆ. ಆಗ ನೀವೇನ್ ಮಾಡ್ತೀರಿ?"

"ಕಿರುಚ್ತೀವಿ. ನಮ್ಮತ್ತೆ ಟವೆಲ್ ಹಾಕ್ತಾರೆ."

ಡಾಕ್ಟರು ನಕ್ಕುಬಿಟ್ಟರು. "ಮನೆಯವರೆಲ್ಲ ಕಿರುಚಿ ಟವೆಲ್ ಎಸೆದ್ರೆ ನಾಯಿಗೆ ಅದಕ್ಕಿಂತ ಒಳ್ಳೆ ಆಟ ಯಾವುದಿದೆ? ಬೆಲ್ಲಾದ ತಕ್ಷಣ ಬೆಲ್ಟು ಹಾಕಿ ದೂರ ಕೂರಿಸಿ. ಬಾಯಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಕೊಡಿ. ಹತ್ತೋ ಮೊದಲೇ ಕರೀರಿ, ಬಂದ್ರೆ ಹೊಗಳಿ. ಹತ್ತಿದ್ರೆ ಸುಮ್ಮನೆ ಬಿಡಿಸಿ ಆ ಕಡೆ ಕರ್ಕೊಂಡು ಹೋಗಿ. ಬೈಬೇಡಿ, ಹೊಡೀಬೇಡಿ."

ಇಷ್ಟು ಸುಲಭದ ಮಾತು. ಇದನ್ನು ಕೇಳಲು ನಮಗೆ ಇಷ್ಟು ವರ್ಷ ನಾಲಿಗೆ ಹೊರಳಿರಲಿಲ್ಲ. ಅಂದಿನಿಂದ ನನ್ನ ಗಂಡ ಹೊರಗೆ ನಿಂತು ಬೆಲ್ಲು ಒತ್ತುವುದು, ನಾನು ದೊರೆಸಾನಿಯನ್ನು ಕೂರಿಸುವುದು, ಇದೇ ಅಭ್ಯಾಸವಾಯಿತು. ಅತ್ತೆ ಮಾತ್ರ ಮೊಳೆಯ ಮೇಲಿನ ಟವೆಲ್ಲನ್ನು ತೆಗೆಯಗೊಡಲಿಲ್ಲ.

ಭಾನುವಾರ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಸೇರಿದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ, ಮಂಡಿಯನ್ನು ಎಲ್ಲರಿಗೂ ಕಾಣುವಂತೆ ಚಾಚಿ ಕೂತಿದ್ದರು. ಸೆಕ್ರೆಟರಿ ಮಕ್ಕಳ ಸುರಕ್ಷತೆ ಎಂದು ಆರಂಭಿಸಿ ಹಿರಿಯರ ಸುರಕ್ಷತೆಗೆ ಬಂದ. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

"ಮೇಷ್ಟ್ರೇ, ನಾಯಿ ಕಚ್ಚಿತಾ?"

"ಮೈಮೇಲೆ ಬಿತ್ತು."

"ಹಲ್ಲು ತಾಗಿತಾ?"

ಮೇಷ್ಟ್ರು ನೆಲ ನೋಡಿದರು. ನಿಜ ಹೇಳಲು ಅವರಿಗೆ ಬಾಯಿ ಬರುವುದಿಲ್ಲ ಎಂದು ಗೊತ್ತಾಯಿತು. ಇವರ ಮಾನ ಉಳಿಯಲು ನನ್ನ ನಾಯಿ ಬೀದಿಗೆ ಬೀಳಬೇಕು.

"ಹಾಗಾದ್ರೆ ನಾನೇ ಹೇಳ್ತೀನಿ. ನಮ್ಮ ನಾಯಿ ಅವರ ಕಾಲಿನ ಮೇಲೆ ಹತ್ತಿ ಸೊಂಟ ಆಡಿಸಿತು. ಬೇರೇನೂ ಮಾಡ್ಲಿಲ್ಲ."

"ಮೇಡಂ, ಹೆಣ್ಣುಮಕ್ಕಳಿದ್ದಾರೆ ಇಲ್ಲಿ," ಎಂದ ಸೆಕ್ರೆಟರಿ.

"ನಾನೂ ಹೆಣ್ಣೇ. ನಾಯೀನೂ ಹೆಣ್ಣೇ."

ಅಲ್ಲಿಗೆ ನಾನು ಕೆಟ್ಟೆ. ಸೆಕ್ರೆಟರಿಯ ಮುಖ ಅರಳಿತು. "ಹೆಣ್ಣು ನಾಯಿ ಹಾಗೆ ಮಾಡುತ್ತಾ? ಸುಳ್ಳು ಹೇಳೋದಾದ್ರೂ ನೋಡ್ಕೊಂಡು ಹೇಳಿ." ಎಲ್ಲರೂ ನಕ್ಕರು. ಡಾಕ್ಟರು ಹೇಳಿದ್ದನ್ನು ಹೇಳಲು ಹೊರಟರೆ ನನ್ನ ದನಿ ನನಗೇ ಕೇಳಿಸಲಿಲ್ಲ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ತೀರ್ಮಾನಕ್ಕೆ ಕೈ ಎತ್ತಿ ಎಂದ ಸೆಕ್ರೆಟರಿ.

ಆಗ ಹಿಂದಿನಿಂದ ಅತ್ತೆ ಬಂದರು. ನಾಲ್ಕು ಜನರ ಮುಂದೆ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಮೇಷ್ಟ್ರೇ, ಅವತ್ತು ನಾಯಿ ಮೇಲೆ ಟವೆಲ್ ಹಾಕಿದ್ದು ನಾನು. ನಿಮಗೆ ನೆನಪಿದೆ ತಾನೆ? ಕಚ್ಚೋ ನಾಯೀನ ಬಿಡಿಸ್ತಾರೆ. ಟವೆಲ್ ಹಾಕಿ ಮುಚ್ತಾರಾ ಯಾರಾದ್ರೂ?"

ನಗು ನಿಂತಿತು. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅವರು ಬ್ಯಾಂಡೇಜಿನ ಅಂಚನ್ನು ಉಗುರಿನಿಂದ ಕೆರೆದರು.

"ನರ್ಸಮ್ಮ ಹೇಳಿದ್ದು ನಿಜ," ಎಂದರು ಕೊನೆಗೆ. "ಅದರಿಂದ ನೋವೇನೂ ಆಗ್ಲಿಲ್ಲ. ಕಾಲು ಬಿಡಿಸ್ಕೊಂಡಿದ್ದೆ ಕೂಡ. ಅಷ್ಟರಲ್ಲಿ ಟವೆಲ್ ಬಂದು ಎರಡೂ ಕಾಲಿಗೆ ಸುತ್ಕೊಂಡ್ತು. ಅದಕ್ಕೇ ಬಿದ್ದೆ."

"ಮತ್ತೆ ಮೈಮೇಲೆ ಬಿತ್ತು ಅಂದ್ರಲ್ಲ ಸಾರ್," ಎಂದ ಸೆಕ್ರೆಟರಿ.

"ಇನ್ನೇನ್ ಹೇಳ್ಲಿ? ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದೋನು ನಾನು."

ನನಗೆ ಅವರ ಮೇಲೆ ಕನಿಕರ ಬರಲಿಲ್ಲ, ಈಗಲೂ ಬಂದಿಲ್ಲ.

"ಹಾಗಾದ್ರೆ ನಿಮ್ಮನ್ನ ಬೀಳಿಸಿದ್ದು ನಾನು," ಎಂದರು ಅತ್ತೆ ನಿಧಾನವಾಗಿ. ಆಮೇಲೆ ಸೆಕ್ರೆಟರಿಯ ಕಡೆ ತಿರುಗಿದರು. "ನಿಯಮ ಅಂದ್ಯಲ್ಲಪ್ಪ. ಕಟ್ಟಡ ಬಿಡ್ಬೇಕಾದೋಳು ನಾನೇ ಅಲ್ವಾ? ಎತ್ಸು ಕೈ."

ಒಬ್ಬರೂ ಕೈ ಎತ್ತಲಿಲ್ಲ. "ಆ ವಿಷಯ ಇಲ್ಲಿಗೆ ಬಿಡೋಣ" ಎಂದ ಸೆಕ್ರೆಟರಿ. ಯಾವ ವಿಷಯ ಎಂದು ಕೇಳಿದೆ. ಅವನು ನೀರಿನ ಟ್ಯಾಂಕಿನ ಮಾತಿಗೆ ಹೋದ.

ಮರುದಿನ ಸಂಜೆ ಬೆಲ್ಲಾಯಿತು. ಮೇಷ್ಟ್ರು. ನಾನು ದೊರೆಸಾನಿಗೆ ಬೆಲ್ಟು ಹಾಕುವಷ್ಟರಲ್ಲಿ ಅತ್ತೆಯ ಕೈ ಅಭ್ಯಾಸದಂತೆ ಮೊಳೆಯ ಕಡೆ ಹೋಯಿತು. ಟವೆಲ್ಲನ್ನು ತೆಗೆದು ಒಂದು ಗಳಿಗೆ ನಿಂತರು. ಅದನ್ನು ಸುರುಳಿ ಸುತ್ತಿ ನಾಯಿಯ ಬಾಯಿಗೆ ಕೊಟ್ಟರು. ದೊರೆಸಾನಿ ಅದನ್ನು ಕಚ್ಚಿಕೊಂಡು ಕುಳಿತಿತು, ಬಾಲ ನೆಲ ಗುಡಿಸುತ್ತಿತ್ತು.

ಮೇಷ್ಟ್ರು ಹೊಸ್ತಿಲಲ್ಲೇ ಅನುಮಾನಿಸಿದರು.

"ಬನ್ನಿ ಒಳಗೆ," ಎಂದರು ಅತ್ತೆ. "ಹತ್ತಿದ್ರೆ ಹತ್ತಿತು ಅನ್ನಿ."